ಅಘನಾಶಿನಿ ಪಕ್ಕದ ಹಳೇ ದಾರಿಯಲ್ಲಿ ನಡೆಯಬೇಕು, ಎಲ್ಲಿಂದ ಶುರು ಮಾಡಲಿ?

ನಡಿಗೆ_ಪ್ರಿಯ: ನಮಸ್ಕಾರ. ಡಿಸೆಂಬರ್‌ನಲ್ಲಿ ಮೂರು ದಿನ ರಜೆ ಸಿಗುತ್ತದೆ. ಶಿರಸಿಯಿಂದ ಅಘನಾಶಿನಿ ಹೊಳೆ ಹಿಡಿದುಕೊಂಡೇ ಸಮುದ್ರದ ತನಕ ನಡೆಯುವ ಆಸೆ. ಹಿಂದೆ ಘಟ್ಟದ ಮೆಣಸು ಹೇರೆತ್ತುಗಳ ಮೇಲೆ ಮಿರ್ಜಾನ ಬಂದರಿಗೆ ಇಳಿಯುತ್ತಿತ್ತಂತೆ. ಆ ದಾರಿ ಈಗಲೂ ಇದೆಯಾ? ಗೊತ್ತಿದ್ದವರು ಹೇಳಿ.

ಘಟ್ಟದಮೇಲಿನವ: ಪೂರ್ತಿ ಹೊಳೆಗುಂಟ ನಡೆಯಲು ಆಗುವುದಿಲ್ಲ. ಶಿರಸಿಯ ಶಂಕರಹೊಂಡದಲ್ಲಿ ಹುಟ್ಟಿದ ಹೊಳೆ ಮೊದಲು ತೋಟ, ಗದ್ದೆ ಮಧ್ಯೆ ಸುಮ್ನೆ ಹರಿಯುತ್ತದೆ. ಆಮೇಲೆ ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಬೀಳುತ್ತದೆ. ಅಲ್ಲಿಂದ ಮುಂದೆ ಕಡಿದಾದ ಕಣಿವೆ, ದಟ್ಟ ಕಾಡು, ಸಿಂಗಳೀಕಗಳಿಗಾಗಿ ಮೀಸಲಿಟ್ಟ ಪ್ರದೇಶ. ಅರಣ್ಯ ಇಲಾಖೆಯವರನ್ನು ಕೇಳದೆ ಒಳಗೆ ಹೋಗಲೇಬೇಡಿ.

ಹಳೇ ದಾರಿಯ ಗುರುತು ಬೇಕಿದ್ದರೆ ದೇವಿಮನೆ ಘಟ್ಟ ನೋಡಿ. 19ನೇ ಶತಮಾನದಲ್ಲಿ ಧಾರವಾಡ ಕಡೆಯ ಹತ್ತಿ ಗಾಡಿಗಳಲ್ಲಿ ಈ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಹಡಗಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿ ಅಂತಲೇ ಹೆಸರಿತ್ತು. ಈಗ ಅದು ಹೆದ್ದಾರಿ, ಲಾರಿ ಜಾಸ್ತಿ, ನಡೆಯಲು ಹಿತ ಇಲ್ಲ. ಬಸ್ಸಲ್ಲಿ ಇಳಿಯಿರಿ.

ಗಜನಿ_ಹುಡುಗಿ: ನಾನು ಕೆಳಗಿನವಳು, ಕುಮಟಾ ಕಡೆ. ಎಲ್ಲರೂ ಉಂಚಳ್ಳಿ ನೋಡಿ ವಾಪಸ್ ಹೋಗುತ್ತಾರೆ, ನಿಜವಾಗಿ ನಡೆಯಬೇಕಾದ ಜಾಗ ಹೊಳೆ ಸಮುದ್ರ ಸೇರುವ ಕಡೆ ಇದೆ. ಈ ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಹಾಗಾಗಿ ಘಟ್ಟದ ಸಿಹಿನೀರು, ಮಣ್ಣು ಎರಡೂ ಅಳಿವೆಯವರೆಗೆ ಬರುತ್ತವೆ. ಇಲ್ಲಿನ ಮೀನು, ಏಡಿ, ಬಳಚು (ಚಿಪ್ಪಿನೊಳಗಿನ ಜೀವಿ) ಎಲ್ಲ ಬದುಕಿರುವುದು ಅದರಿಂದಲೇ. 2024ರಲ್ಲಿ ಈ ಅಳಿವೆ ಮಹತ್ವದ ಜೌಗು ಪ್ರದೇಶಗಳ ಅಂತರರಾಷ್ಟ್ರೀಯ ಪಟ್ಟಿಯಾದ ರಾಮ್‌ಸರ್ ಪಟ್ಟಿಗೂ ಸೇರಿತು.

ಮೊದಲ ದಿನ ಮಿರ್ಜಾನ ಕೋಟೆ ನೋಡಿ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ ಮೆಣಸಿನ ವ್ಯಾಪಾರ ನಡೆಸಿದ ಕಾಲ ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಅಗೆತದಲ್ಲಿ ಚೀನಾದ ಪಿಂಗಾಣಿ ಚೂರುಗಳೂ ಸಿಕ್ಕಿವೆ. ಮರುದಿನ ಕುಮಟಾದಿಂದ ಮಾಣಿಕಟ್ಟಾ ಕಡೆಗೆ ಹೋಗಿ. ಗಜನಿ ಗದ್ದೆಗಳ (ಅಳಿವೆ ಪಕ್ಕದ ಉಪ್ಪುನೀರಿನ ತಗ್ಗು ಗದ್ದೆಗಳು) ಏರಿ ಮೇಲೆ ನಿಧಾನ ನಡೆಯಿರಿ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಬೆಳೆಯುತ್ತಾರೆ, ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಭತ್ತ. ಡಿಸೆಂಬರ್ ಹೊತ್ತಿಗೆ ಕೊಯ್ಲು ಮುಗಿದು ಗದ್ದೆಯಲ್ಲಿ ಸೀಗಡಿ, ಮೀನು, ಕೊಕ್ಕರೆಗಳು ಇರುತ್ತವೆ. ಜಂತ್ರಡಿ, ಅಂದರೆ ಏರಿಯಲ್ಲಿ ನೀರು ಬಿಡುವ ತೂಬು, ಅದರ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ. ಮರದ ಹಲಗೆಗಳ ಸಂದಿಯಿಂದ ನೀರು ಒಳಗೆ ಬರುವುದು, ಇಳಿತದಲ್ಲಿ ತಿರುಗಿ ಹೊರಗೆ ಹೋಗುವುದು ಅಲ್ಲೇ ಕಾಣುತ್ತದೆ.

ಒಂದು ವಿನಂತಿ: ಏರಿ ಅಂಚಿನ ಮಣ್ಣು ಮೆತ್ತಗಿರುತ್ತದೆ, ಅಲ್ಲಿ ಕಾಲಿಡಬೇಡಿ. ಒಂದು ಕಡೆ ಒಡೆದರೂ ಆ ಕಡೆಯ ಗದ್ದೆಗೆಲ್ಲ ಉಪ್ಪುನೀರು.

ನಡಿಗೆ_ಪ್ರಿಯ: ಬಹಳ ಧನ್ಯವಾದ! ಹಾಗಾದರೆ ಘಟ್ಟದ ಮೇಲೆ ಒಂದೇ ದಿನ, ಉಳಿದದ್ದು ಕೆಳಗೆ. ಉಂಚಳ್ಳಿಗೆ ಡಿಸೆಂಬರ್ ಸರಿಯಾ? ಮಾಣಿಕಟ್ಟಾದಿಂದ ಗೋಕರ್ಣಕ್ಕೆ ಹೇಗೆ ಹೋಗುವುದು?

ಘಟ್ಟದಮೇಲಿನವ: ಡಿಸೆಂಬರ್ ಚೆನ್ನಾಗಿದೆ. ಮಳೆಗಾಲದಲ್ಲಿ ಮಂಜು ಕವಿದು ಎಷ್ಟೋ ಸಲ ಜಲಪಾತವೇ ಕಾಣುವುದಿಲ್ಲ, ಅದರ ಮೇಲೆ ಉಂಬಳದ (ಜಿಗಣೆ) ಕಾಟ ಬೇರೆ. ವೀಕ್ಷಣೆ ಜಾಗದಿಂದಲೇ ನೋಡಿ, ಬುಡಕ್ಕೆ ಇಳಿಯುವ ಆಸೆ ಬೇಡ. ಕಲ್ಲು ತುಂಬಾ ಜಾರುತ್ತದೆ.

ಗಜನಿ_ಹುಡುಗಿ: ಅಘನಾಶಿನಿ ಊರಿಗೆ ಬನ್ನಿ, ಅಲ್ಲಿಂದ ದೋಣಿಯಲ್ಲಿ ಹೊಳೆ ದಾಟಿದರೆ ತದಡಿ. ಆಮೇಲೆ ಗೋಕರ್ಣಕ್ಕೆ ಬಸ್ಸು, ರಿಕ್ಷಾ ಸಿಗುತ್ತದೆ. ಇಳಿತದ ಹೊತ್ತು ಕೇಳಿಕೊಂಡು ಬಂದರೆ ಬಳಚು ಆರಿಸುವವರನ್ನೂ ನೋಡಬಹುದು. ಸೊಂಟದವರೆಗಿನ ನೀರಲ್ಲಿ ನಿಂತು ಕಾಲಲ್ಲೇ ತಡಕಿ ಹುಡುಕುತ್ತಾರೆ. ಫೋಟೋ ತೆಗೆಯುವ ಮೊದಲು ಅವರನ್ನು ಒಂದು ಮಾತು ಕೇಳಿ. ಕೊನೇ ದೋಣಿ ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆಯೇ ವಿಚಾರಿಸಿಕೊಳ್ಳಿ.