ಅಪ್‌ಡೇಟ್: ಮಸ್ಕತ್‌ನಲ್ಲಿ ಅಕ್ಕನ ಮನೆಯವರಿಗೆ ಚರ್ಚ್ ಸಿಕ್ಕಿತು

ಹುಬ್ಬಳ್ಳಿಯಿಂದ ಮಸ್ಕತ್‌ಗೆ ಹೋಗಿರುವ ಅಕ್ಕ-ಮಾವ ಆರಾಧನೆಗೆ ಏನು ಮಾಡಬೇಕು, ರಂಜಾನ್‌ನಲ್ಲಿ ಹೇಗಿರಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಮಸ್ಕತ್‌ನ ರುವಿ ಬಡಾವಣೆಯ ಚರ್ಚ್ ಆವರಣಕ್ಕೆ ಶುಕ್ರವಾರ ಹೋಗಲಿ ಎಂದಿದ್ದ ಸಲಹೆಯೇ ಕೆಲಸಕ್ಕೆ ಬಂತು. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ಆಫೀಸು ಇರುತ್ತದಲ್ವಾ, ಹಾಗಾಗಿ ಶುಕ್ರವಾರವೇ ಜನ ಜಾಸ್ತಿ. ನಾಲ್ಕು ಜನ ಸೇರಿ ಮನೆಯಲ್ಲೇ ಪ್ರಾರ್ಥನಾ ಕೂಟ ಮಾಡುವ ಸಲಹೆ ಆಗಲಿಲ್ಲ. ಒಮಾನ್‌ನಲ್ಲಿ ಸಾಮೂಹಿಕ ಆರಾಧನೆ ಸರ್ಕಾರ ಒಪ್ಪಿದ ಜಾಗದಲ್ಲೇ ನಡೆಯಬೇಕು. ರಂಜಾನ್ ಹಗಲಲ್ಲಿ ಕಾರಿನೊಳಗೆ ತಿನ್ನಬಹುದು ಅಂತ ಒಬ್ಬರು ಬರೆದಿದ್ದರು. ಅದೂ ಬೇಡ, ಹೊರಗೆ ನೀರೂ ಕುಡಿಯಬಾರದು.

ನನಗೆ ಗೊತ್ತೇ ಇರದಿದ್ದ ಒಂದು ಸಂಗತಿ ಇದೆ. ಪಕ್ಕದ ಮನೆಯ ಒಮಾನಿ ಅಮ್ಮ ಇಫ್ತಾರ್‌ಗೆ ಕರೆದು ಖರ್ಜೂರ, ಕಹ್ವಾ (ಅಲ್ಲಿನ ಕಾಫಿ) ಕೊಟ್ಟರಂತೆ. ಪುಟ್ಟ ಬಟ್ಟಲು ಖಾಲಿ ಆದ ಹಾಗೆಲ್ಲ ತುಂಬುತ್ತಲೇ ಇದ್ದರು. ಸಾಕು ಅನ್ನಬೇಕಾದರೆ ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಿ ಕೊಡಬೇಕು! ತೆಗೆದುಕೊಳ್ಳುವುದು ಬಲಗೈಯಲ್ಲೇ. ಈದ್‌ಗೆ ಅಕ್ಕ ಶೇಂಗಾ ಹೋಳಿಗೆ ಮಾಡಿ ಕಳಿಸಿದಳು, ಅದನ್ನು ಮಾಡುವ ವಿಧಾನವನ್ನು ಆ ಅಮ್ಮ ಕೇಳಿದ್ದಾರೆ.

ಮುಂದೆ ಹೋಗುವವರು ಕ್ರಿಸ್‌ಮಸ್‌ಗೆ ಮೊದಲೇ ರಜೆ ಹಾಕಿಡಿ. ಅಲ್ಲಿ ಅದು ಸರ್ಕಾರಿ ರಜೆ ಅಲ್ಲ.