ಹಳೇ ಪೇಜರ್ ಆನ್ ಆಗುತ್ತದೆ, ಮೆಸೇಜ್ ಮಾತ್ರ ಬರುತ್ತಿಲ್ಲ

ಗುಮ್ಮಟದೂರು (ವಿಜಯಪುರ): ನಮ್ಮ ಮಾಮಾ ಮುಂಬೈಯಲ್ಲಿದ್ದಾಗ, 1990ರ ದಶಕದಲ್ಲಿ ಬಳಸಿದ ಪೇಜರ್ ಸಿಕ್ಕಿದೆ. ಹೊಸ ಸೆಲ್ ಹಾಕಿದರೆ ಬೀಪ್ ಅನ್ನುತ್ತದೆ, ಟೈಮ್ ತೋರಿಸುತ್ತದೆ. ಮೆಸೇಜ್ ಒಂದೂ ಬರುತ್ತಿಲ್ಲ. ಸಿಮ್ ಹಾಕುವ ಜಾಗವೂ ಕಾಣಿಸುತ್ತಿಲ್ಲ. ಒಳಗೆ ಏನಾದರೂ ಸುಟ್ಟಿದೆಯಾ? ಬಿಚ್ಚಿ ನೋಡಲಾ?

ರೇಡಿಯೊ ಹುಚ್ಚ (ಬಾಗಲಕೋಟೆ): ಸದ್ಯ ಬಿಚ್ಚಬೇಡಿ. ಅದು ಕೆಟ್ಟಿಲ್ಲ, ಅದಕ್ಕೆ ಕೇಳಿಸಿಕೊಳ್ಳಲು ಏನೂ ಇಲ್ಲ ಅಷ್ಟೇ. ಮೊಬೈಲಿನಂತೆ ಟವರ್ ಜೊತೆ ಮಾತಾಡುವ ಸಾಧನ ಅಲ್ಲ ಇದು. ಸುಮ್ನೆ ಕೇಳುವ ರೇಡಿಯೊ. ಕಂಪನಿ ಎಲ್ಲಾ ಮೆಸೇಜನ್ನೂ ಒಂದೇ ಫ್ರೀಕ್ವೆನ್ಸಿಯಲ್ಲಿ ಬಿಡುತ್ತಿತ್ತು. ಪ್ರತಿ ಪೇಜರಿಗೂ ಒಂದು ಕ್ಯಾಪ್‌ಕೋಡ್, ಅಂದರೆ ಅದರದೇ ಗುರುತಿನ ನಂಬರ್. ತನ್ನ ಕೋಡ್ ಬಂದರೆ ಮಾತ್ರ ಬೀಪ್, ಉಳಿದ ಹೊತ್ತು ನಿದ್ದೆ. ಒಂದು ಸೆಲ್ ವಾರಗಟ್ಟಲೆ ಬಾಳುತ್ತಿದ್ದುದು ಅದಕ್ಕೇ. ನಮ್ಮಲ್ಲಿ ಆಪರೇಟರಿಗೆ ಫೋನ್ ಮಾಡಿ ಮೆಸೇಜ್ ಹೇಳಬೇಕಿತ್ತು. ಅದು ಬಂದವರು ಎಸ್‌ಟಿಡಿ ಬೂತ್ ಹುಡುಕಿಕೊಂಡು ಓಡಬೇಕಿತ್ತು! ಮೊಬೈಲ್ ಅಗ್ಗವಾದ ಮೇಲೆ ಆ ಸೇವೆಗಳೆಲ್ಲಾ ಮುಚ್ಚಿದವು. ಜಪಾನಿನಲ್ಲಿ 2019ರವರೆಗೂ ನಡೆಯಿತು.

ಗುಮ್ಮಟದೂರು: ಹಾಗಾದರೆ ಶೋಕೇಸಿಗೇ ಇಡಬೇಕಾ?

ರೇಡಿಯೊ ಹುಚ್ಚ: ಹ್ಯಾಮ್ ಲೈಸೆನ್ಸ್ (ಹವ್ಯಾಸಕ್ಕೆ ರೇಡಿಯೊ ಟ್ರಾನ್ಸ್‌ಮಿಟ್ ಮಾಡಲು ಸರ್ಕಾರ ಕೊಡುವ ಪರವಾನಗಿ) ಇರುವವರು ಗೊತ್ತಿದ್ದರೆ ಜೀವ ಬರಿಸಬಹುದು. ಬಹಳಷ್ಟು ಪೇಜರ್‌ಗಳು ಪೊಕ್ಸ್ಯಾಗ್ ಅನ್ನುವ ಮೆಸೇಜ್ ಕಳಿಸುವ ಪದ್ಧತಿಯವು, ಸ್ಪೀಡ್ ಸೆಕೆಂಡಿಗೆ 512, 1200 ಅಥವಾ 2400 ಬಿಟ್. ಹ್ಯಾಮ್‌ಗಳು ಬಳಸುವ ಸಣ್ಣ ಹಾಟ್‌ಸ್ಪಾಟ್ ಬೋರ್ಡಿನಿಂದ (ವೈಫೈಯದಲ್ಲ, ಪುಟ್ಟ ರೇಡಿಯೊ ಟ್ರಾನ್ಸ್‌ಮಿಟರ್) ಅದೇ ಕ್ಯಾಪ್‌ಕೋಡಿಗೆ ಮೆಸೇಜ್ ಕಳಿಸಬಹುದು. ಆದರೆ ಯೂಟ್ಯೂಬ್ ನೋಡಿ 439.9875 ಮೆಗಾಹರ್ಟ್ಸ್ ಇಡಬೇಡಿ. ಅದು ಯುರೋಪಿನ ಹ್ಯಾಮ್‌ಗಳ ಲೆಕ್ಕ. ನಮ್ಮ ಹ್ಯಾಮ್‌ಗಳಿಗೆ ಆ ಕಡೆ ಇರುವುದು 434ರಿಂದ 438, ಕೆಳಗೆ 144ರಿಂದ 146. ನಿಮ್ಮ ಪೇಜರ್ ಇವುಗಳ ಹೊರಗಿದ್ದರೆ ಕ್ರಿಸ್ಟಲ್ (ಯಾವ ಫ್ರೀಕ್ವೆನ್ಸಿ ಕೇಳಬೇಕು ಅಂತ ನಿರ್ಧರಿಸುವ ಭಾಗ) ಬದಲಿಸಿ ಟ್ಯೂನ್ ಮಾಡಬೇಕು. ಜಾಸ್ತಿ ತಾಳ್ಮೆ ಬೇಡುವ ಕೆಲಸ. ಲೈಸೆನ್ಸ್ ಇಲ್ಲದೆ ಟ್ರಾನ್ಸ್‌ಮಿಟ್ ಮಾಡುವ ಯೋಚನೆಯೇ ಬೇಡ.

ಕುಂದಾಪ್ರಿಯ (ಬೆಳಗಾವಿ): ನಡುವೆ ಒಂದು ಪ್ರಶ್ನೆ. ನಮ್ಮ ಖಾನಾವಳಿಯಲ್ಲಿ ಭಾನುವಾರ ರಶ್. ಟೇಬಲ್ ಖಾಲಿಯಾದಾಗ ಕರೆಯಲು ಹಳೇ ಪೇಜರ್ ಆದೀತಾ?

ರೇಡಿಯೊ ಹುಚ್ಚ: ಅದಕ್ಕೆ ಈ ತಾಪತ್ರಯ ಯಾಕೆ? ಬಿಲ್ಲೆಯಂತೆ ಕೈಗೆ ಕೊಡುವ ರೆಸ್ಟೋರೆಂಟ್ ಪೇಜರ್ ಸೆಟ್ ಸಿಗುತ್ತದೆ. ಟ್ರಾನ್ಸ್‌ಮಿಟರ್ ನಿಮ್ಮ ಕೌಂಟರಿನಲ್ಲೇ ಇರುತ್ತದೆ, ಹೊರಗಿನ ಕಂಪನಿಯ ಹಂಗಿಲ್ಲ. ಕೊಳ್ಳುವ ಮೊದಲು ಅದರ ಫ್ರೀಕ್ವೆನ್ಸಿಗೆ ಇಲ್ಲಿ ಅನುಮತಿ ಇದೆಯಾ ಕೇಳಿ. ಗೋಡೆಯಾಚೆ ಕಟ್ಟೆಯವರೆಗೂ ಮುಟ್ಟುತ್ತದಾ ಅಂತ ನಿಂತು ನೋಡಿ.

ಗುಮ್ಮಟದೂರು: ಹಿಂದಿನ ಲೇಬಲ್ಲಿನಲ್ಲಿ ಕ್ಯಾಪ್‌ಕೋಡ್ ಓದಲು ಬರುತ್ತದೆ, ಫ್ರೀಕ್ವೆನ್ಸಿ ಅಳಿಸಿದೆ.

ರೇಡಿಯೊ ಹುಚ್ಚ: ಹಾಗಿದ್ದರೆ ಈಗ ಬಿಚ್ಚಿ. ಮೊದಲು ಸೆಲ್ ತೆಗೆಯಿರಿ. ಒಳಗಿನ ಕ್ರಿಸ್ಟಲ್ ಮೇಲೆ ಏನು ಬರೆದಿದೆ ಫೋಟೊ ಹಾಕಿ, ಲೆಕ್ಕ ಹಾಕಿ ಹೇಳುತ್ತೇನೆ.