ಅಮೆರಿಕದ ಕಾರ್ ಫ್ಯಾಕ್ಟರಿ, ಫಾರಿನ್ ಟ್ರೇಡ್ ಝೋನ್: ಹೊಸ ಮಾಡೆಲ್‌ಗೆ ಮತ್ತೆ ಅನುಮತಿ ಬೇಕಾ?

ಎಕ್ಸೆಲ್_ಮಣಿಪಾಲ:
ಎಲ್ಲರಿಗೂ ನಮಸ್ಕಾರ. ನಾನು ಮಣಿಪಾಲದ ಒಂದು ಬ್ಯಾಕ್ ಆಫೀಸಿನಲ್ಲಿ ಇದ್ದೇನೆ. ಅಮೆರಿಕದ ಒಂದು ಕಾರ್ ಫ್ಯಾಕ್ಟರಿಯ ಕಸ್ಟಮ್ಸ್ ಲೆಕ್ಕ ನಮ್ಮ ಟೀಮ್ ನೋಡುತ್ತದೆ. ಫ್ಯಾಕ್ಟರಿ ಪೂರ್ತಿ ಸಬ್‌ಝೋನ್ ಒಳಗೆ ಉಂಟು, ಅಂದ್ರೆ ಫಾರಿನ್ ಟ್ರೇಡ್ ಝೋನಿನ ಭಾಗವಾಗಿ ಒಂದು ಕಂಪನಿಗೆ ಕೊಟ್ಟ ಜಾಗ, ವಿದೇಶಿ ಮಾಲು ಅಲ್ಲಿಂದ ಹೊರಗೆ ಬರುವ ತನಕ ಸುಂಕ ಕಟ್ಟಬೇಕಿಲ್ಲ. ಈಗ ಅಲ್ಲಿ ಹೊಸ ಮಾಡೆಲ್ ಬರುತ್ತಿದೆ, ಪಕ್ಕದಲ್ಲಿ ಹೊಸ ಶೆಡ್ ಎದ್ದಿದೆ. ಮಾರ್ಚ್ 1ಕ್ಕೆ ಲೈನ್ ಶುರು.

ನನ್ನ ಕೈಗೆ ಒಂದು ಉದ್ದದ ಶೀಟ್ ಕೊಟ್ಟು "ಎಚ್‌ಟಿಎಸ್ ಕೋಡ್ ತುಂಬಿಸಿ, ಬೋರ್ಡಿಗೆ ಕಳಿಸಬೇಕು" ಅಂದರು (ಎಚ್‌ಟಿಎಸ್ ಅಂದ್ರೆ ಅಮೆರಿಕದ ಸುಂಕಪಟ್ಟಿ, ಬೋರ್ಡ್ ಅಂದ್ರೆ ಝೋನ್‌ಗಳಿಗೆ ಅನುಮತಿ ಕೊಡುವ ಅಲ್ಲಿನ ಸರ್ಕಾರಿ ಮಂಡಳಿ). ಹಾರ್ನೆಸ್ (ವೈರುಗಳ ಕಟ್ಟು), ಬೇರಿಂಗ್, ಗ್ಯಾಸ್ಕೆಟ್ (ಸೋರದ ಹಾಗೆ ನಡುವೆ ಇಡುವ ಸೀಲ್), ಸೀಟು ಬಟ್ಟೆ ಎಲ್ಲ ಇದೆ. ನನ್ನ ಡೌಟ್ ಇಷ್ಟೆ. ಝೋನ್ ಅನುಮತಿ ಮೊದಲೇ ಇದೆಯಲ್ಲ, ಮತ್ತೆ ಯಾಕೆ? ಕಾರಿಗೆ 2.5% ಮಾತ್ರ ಸುಂಕ ಅಂತಾರೆ, ಹಾಗಾದ್ರೆ ಬಿಡಿ ಭಾಗದ ಕೋಡ್ ತಗೊಂಡು ಅವರಿಗೆ ಎಂತ ಆಗಬೇಕು?

ಬಜ್ಪೆ_ಬೈಪಾಸ್:
ನಮ್ಮ ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಇದ್ದ ಹಾಗೆ ಅಷ್ಟೆ ಮಾರಾಯ್ರೆ. ಗೇಟಿನೊಳಗೆ ಹೋದ ಮೇಲೆ ಸುಂಕ ಇಲ್ಲ. ಕೋಡ್ ತುಂಬಿಸಿ ಕೊಟ್ಟುಬಿಡಿ, ಸುಮ್ನೆ ತಲೆಬಿಸಿ ಮಾಡ್ಕೋಬೇಡಿ.

ಬಿಲ್_ಆಫ್_ಎಂಟ್ರಿ_ಭಟ್ರು:
ತಲೆಬಿಸಿ ಮಾಡಿಕೊಳ್ಳಲೇಬೇಕು. ಪಣಂಬೂರಿನಲ್ಲಿ ಕ್ಲಿಯರಿಂಗ್ ಕೆಲಸ ಮಾಡಿ, ಆಮೇಲೆ ಅಮೆರಿಕದ ಝೋನ್ ಲೆಕ್ಕಕ್ಕೇ ಬಂದು ಕೂತವನು ನಾನು. ಹೊರಗಿನವರು ಶೆಡ್ ನೋಡಿ ಫ್ಯಾಕ್ಟರಿ ದೊಡ್ಡದಾಯ್ತು ಅಂತಾರೆ. ಬೋರ್ಡ್ ನೋಡುವುದು ನಿಮ್ಮ ಕೈಯಲ್ಲಿರುವ ಆ ಶೀಟನ್ನು.

ಅಲ್ಲಿನ ಝೋನ್ ಕಾನೂನು 1934ರದ್ದು. ಝೋನ್ ಒಳಗೆ ತಯಾರಿಕೆ ಮಾಡಬಹುದು ಅಂತ ಆದದ್ದು 1950ರ ತಿದ್ದುಪಡಿಯಲ್ಲಿ. ಆದರೆ "ಇಲ್ಲಿ ಕಾರು ಮಾಡಿ" ಅಂತ ಒಟ್ಟಾರೆ ಅನುಮತಿ ಕೊಡುವ ಪದ್ಧತಿ ಇಲ್ಲ. ಯಾವ ಸಿದ್ಧ ಮಾಲು, ಯಾವ ಯಾವ ವಿದೇಶಿ ಭಾಗ, ಒಂದೊಂದರ ಸುಂಕ ಎಷ್ಟು, ಎಲ್ಲ ಪಟ್ಟಿಯಲ್ಲಿ ಇರಬೇಕು. ಪಟ್ಟಿಯಲ್ಲಿ ಇಲ್ಲದ ಭಾಗಕ್ಕೆ ಹೊಸದಾಗಿ ನೋಟಿಫಿಕೇಶನ್ ಹಾಕಬೇಕು. ಅದು ಫೆಡರಲ್ ರಿಜಿಸ್ಟರ್‌ನಲ್ಲಿ (ಅಲ್ಲಿನ ಸರ್ಕಾರಿ ಗೆಜೆಟ್) ಪ್ರಕಟ ಆಗುತ್ತದೆ, ಅಲ್ಲೇ ಅದೇ ಭಾಗ ಮಾಡುವ ಕಂಪನಿಯವರು ಬೇಕಾದರೆ ತಕರಾರು ಹಾಕಬಹುದು. 2012ರ ಹೊಸ ನಿಯಮದಿಂದ ಇದಕ್ಕೆ 120 ದಿನದ ಲೆಕ್ಕ. ಬೋರ್ಡಿಗೆ ಇನ್ನೂ ನೋಡಬೇಕು ಅನ್ನಿಸಿದರೆ ಪೂರ್ತಿ ಅರ್ಜಿ ಹಾಕಿ ಅಂತಾರೆ, ಆಗ ಕ್ಯಾಲೆಂಡರ್ ಮರೆತುಬಿಡಿ.

ಮಾರ್ಚ್ 1 ಅಂದ್ರೆ ನವೆಂಬರ್ 1ಕ್ಕೆ ಕಾಗದ ಅಲ್ಲಿ ಮುಟ್ಟಿರಬೇಕು. ಟ್ರಯಲ್ ಕಾರುಗಳು ಅದಕ್ಕೂ ಮೊದಲೇ ಲೈನ್ ಮೇಲೆ ಬರುತ್ತವೆ, ಅವಕ್ಕೂ ಇದೇ ಭಾಗ ಅಲ್ವಾ? ಹಾಗಾಗಿ ಇನ್ನೂ ಮೊದಲೇ. ತಡವಾದರೆ ಆ ಭಾಗಗಳನ್ನು ಸುಂಕ ಕಟ್ಟಿಯೇ ಒಳಗೆ ತಗೊಳ್ಳಬೇಕು. ಲೈನ್ ಏನೂ ನಿಲ್ಲುವುದಿಲ್ಲ, ಲಾಭ ಹೋಗುತ್ತದೆ.

ಶೆಡ್ ವಿಷಯ ಬೇರೆ. ಅದು ಮಂಜೂರಾದ ಗಡಿಯ ಹೊರಗಿದ್ದರೆ ಮೊದಲು ಬೋರ್ಡಿನಿಂದ ಗಡಿ ಬದಲಾವಣೆ. ಒಳಗೇ ಇದ್ದರೂ ಅಲ್ಲಿನ ಕಸ್ಟಮ್ಸ್‌ನವರು ಆ ಜಾಗವನ್ನು ಆ್ಯಕ್ಟಿವೇಟ್ ಮಾಡುವ ತನಕ ವಿದೇಶಿ ಮಾಲು ಇಡುವ ಹಾಗಿಲ್ಲ. ಬೋರ್ಡ್ ಬೇರೆ, ಕಸ್ಟಮ್ಸ್ ಬೇರೆ. ಇದನ್ನು ಮರೆಯುವವರೇ ಜಾಸ್ತಿ.

ಇನ್ನು 2.5%. ವೈರಿಂಗ್ ಹಾರ್ನೆಸ್ ತಗೊಳ್ಳಿ, ಕೋಡ್ 8544.30. ಬಿಡಿಯಾಗಿ ಆಮದು ಮಾಡಿದರೆ 5%. 400 ಡಾಲರಿನ ಹಾರ್ನೆಸ್‌ಗೆ 20 ಡಾಲರ್. ಅದನ್ನೇ ನಾನ್ ಪ್ರಿವಿಲೆಜ್ಡ್ ಸ್ಟೇಟಸ್‌ನಲ್ಲಿ (ಹೊರಗೆ ಹೋಗುವಾಗ ಯಾವ ರೂಪವೋ ಅದಕ್ಕೆ ಸುಂಕ ಅನ್ನುವ ಲೆಕ್ಕ) ಝೋನ್ ಒಳಗೆ ತಂದು, ಕಾರಿನಲ್ಲಿ ಕೂರಿಸಿ, ಕಾರಾಗಿ ಹೊರಗೆ ಬಿಟ್ಟರೆ ಕಾರಿನ ದರ. ಅಂದ್ರೆ 10 ಡಾಲರ್. ಬಾಲ್ ಬೇರಿಂಗಿಗೆ 9% ಇದೆ, ಅಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ. ಅಲ್ಲಿನ ಕೂಲಿ, ಕರೆಂಟು, ಲಾಭ ಯಾವುದರ ಮೇಲೂ ಸುಂಕ ಬೀಳುವುದಿಲ್ಲ, ವಿದೇಶಿ ಭಾಗದ ಬೆಲೆಯ ಮೇಲೆ ಮಾತ್ರ.

ಕೇಳಲಿಕ್ಕೆ ಚಂದ. ಆದರೆ 2018ರಲ್ಲಿ ಚೀನಾ ಮಾಲಿನ ಮೇಲೆ ಸೆಕ್ಷನ್ 301 ಸುಂಕ (ಅನ್ಯಾಯದ ವ್ಯಾಪಾರ ಅಂತ ಹಾಕುವ ಹೆಚ್ಚುವರಿ ಸುಂಕ) ಬಂತು. ಆ ಮಾಲು ಒಳಗೆ ಬರುವಾಗ ಪ್ರಿವಿಲೆಜ್ಡ್ ಸ್ಟೇಟಸ್‌ನಲ್ಲೇ ಬರಬೇಕು. ಅಂದ್ರೆ ಆ ದಿನದ ಕೋಡ್, ಆ ದಿನದ ದರಕ್ಕೆ ಬೀಗ. ಆಮೇಲೆ ಅದು ಕಾರಾದರೂ ಹಾರ್ನೆಸ್ ಅಂತಲೇ ಲೆಕ್ಕ. 2025ರ ಮೇ 3ರಿಂದ ವಾಹನದ ಭಾಗಗಳಿಗೆ ಸೆಕ್ಷನ್ 232 ಸುಂಕ (ದೇಶದ ಭದ್ರತೆ ಹೆಸರಿನ ಹೆಚ್ಚುವರಿ ಸುಂಕ) ಹಾಕಿದರಲ್ಲ, ಅಲ್ಲೂ ಇದೇ ಶರತ್ತು. ಹಾಗಾಗಿ 2.5ರ ಆಟ ಮೊದಲಿನಷ್ಟು ನಡೆಯುವುದಿಲ್ಲ. ಬಾಸ್ ಹತ್ತಿರ ಉಳಿತಾಯದ ಲೆಕ್ಕ ಕೊಡುವಾಗ ಹಳೇ ಶೀಟ್ ಕಾಪಿ ಮಾಡಬೇಡಿ. ಒಂದೊಂದು ಸಾಲಿಗೂ ಮಾಲು ಯಾವ ದೇಶದ್ದು ಅನ್ನುವ ಕಾಲಮ್ ಹಾಕಿ.

ಬಜ್ಪೆಯವರೇ, ನಿಮಗೆ ಒಂದು ಮಾತು. ಬಜ್ಪೆ, ಪೆರ್ಮುದೆ ಕಡೆಯ ನಮ್ಮ ಎಸ್‌ಇಝಡ್ ನಡೆಯುವುದು 2005ರ ಕಾಯ್ದೆ ಮೇಲೆ. ಅದರ ಸೆಕ್ಷನ್ 30 ಓದಿ. ಅಲ್ಲಿ ಕಾರು ಮಾಡಿ ಹೊರಗೆ ನಮ್ಮ ದೇಶದಲ್ಲೇ ಮಾರಿದರೆ, ಇಡೀ ಕಾರು ಆಮದು ಮಾಡಿದ ಹಾಗೆ ಸುಂಕ. ನಮ್ಮಲ್ಲಿ ಭಾಗಕ್ಕಿಂತ ಇಡೀ ಕಾರಿಗೇ ದರ ಜಾಸ್ತಿ. ಅಮೆರಿಕದ ಲೆಕ್ಕ ಇಲ್ಲಿ ತಲೆಕೆಳಗೆ. ನಮ್ಮಲ್ಲಿ ಹತ್ತಿರದ್ದು ಅಂದ್ರೆ ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 65, 2019ರ ಬಾಂಡೆಡ್ ತಯಾರಿಕೆ ನಿಯಮ, ಅಂದ್ರೆ ಆಮದು ಭಾಗಕ್ಕೆ ಮೊದಲೇ ಸುಂಕ ಕಟ್ಟದೆ ಕಸ್ಟಮ್ಸ್ ಗೋದಾಮಿನಲ್ಲೇ ತಯಾರಿಸುವುದು. ಅಲ್ಲಿ ಮಾಲು ಹೊರಗೆ ಹೋಗುವಾಗ ಆಮದಾದ ಭಾಗದ ಸುಂಕ ಮಾತ್ರ ಕಟ್ಟುವುದು, ರಫ್ತು ಮಾಡಲೇಬೇಕು ಅಂತಲೂ ಇಲ್ಲ.

ಬಜ್ಪೆ_ಬೈಪಾಸ್:
ಆಯ್ತು ಭಟ್ರೆ, ಶರಣು 🙏 ಸೆಕ್ಷನ್ 30 ಓದ್ತೇನೆ.

ಎಕ್ಸೆಲ್_ಮಣಿಪಾಲ:
ತುಂಬಾ ಥ್ಯಾಂಕ್ಸ್ ಭಟ್ರೆ, ನಮ್ಮ ಟ್ರೈನಿಂಗ್‌ನಲ್ಲಿ ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಇನ್ನೆರಡು ಪ್ರಶ್ನೆ. ಒಂದು, ಗ್ಯಾಸ್ಕೆಟ್ ಹಳೇ ಪಟ್ಟಿಯಲ್ಲಿ ಇದೆ, ಅದನ್ನು ಬಿಟ್ಟುಬಿಡಬಹುದಾ? ಎರಡು, ಅದೇ ಲೈನ್‌ನಲ್ಲಿ ಮುಂದೆ ಪಿಕಪ್ ಕೂಡ ಬರಬಹುದು ಅಂತ ಸುದ್ದಿ.

ಸ್ಟಾಕ್_ಕಾಪು:
ಗ್ಯಾಸ್ಕೆಟಿಗೆ ನಾನು ಹೇಳ್ತೇನೆ, ನಂದು ಅದೇ ಕೆಲಸ. ಡ್ರಾಯಿಂಗ್ ತೆಗೆದು ಯಾವ ಸಾಮಾನು ಅಂತ ನೋಡಿ. ರಬ್ಬರಿನದ್ದು 4016.93. ಸಪ್ಲೈಯರ್ ಪ್ಲಾಸ್ಟಿಕ್‌ಗೆ ಬದಲಾಯಿಸಿದ್ದರೆ 3926.90. ಅದೇ ಆಕಾರ, ಕೂರುವ ಜಾಗವೂ ಅದೇ, ಪಾರ್ಟ್ ನಂಬರ್ ಕೊನೆಯಲ್ಲಿ ಒಂದು ಅಕ್ಷರ ಮಾತ್ರ ಬೇರೆ. ಆದರೂ ಅದು ಪಟ್ಟಿಗೆ ಹೊಸದು. ಮತ್ತೆ ಸೀಟು ಬಟ್ಟೆ, ಕಾರ್ಪೆಟ್ ತರದ ಜವಳಿ ಸಾಮಾನು ಬೇರೆ ಮಾಡಿ ಇಡಿ. ಅದಕ್ಕೆ ಬೋರ್ಡ್ ಹಲವು ಸಲ ಪ್ರಿವಿಲೆಜ್ಡ್ ಸ್ಟೇಟಸ್ ಶರತ್ತು ಹಾಕಿದ್ದುಂಟು. ಆ್ಯಂಟಿ ಡಂಪಿಂಗ್ ಸುಂಕ (ತೀರಾ ಕಡಿಮೆ ಬೆಲೆಗೆ ತಂದು ಸುರಿಯುವುದನ್ನು ತಡೆಯುವ ಸುಂಕ) ಇರುವ ಮಾಲಿಗೆ ಅಂತೂ ಬೇರೆ ದಾರಿಯೇ ಇಲ್ಲ.

ಬಿಲ್_ಆಫ್_ಎಂಟ್ರಿ_ಭಟ್ರು:
ಕಾಪುವಿನವರು ಸರಿಯಾಗಿ ಹೇಳಿದರು. ಪಿಕಪ್ ಬಂದರೆ ಲೆಕ್ಕ ಉಲ್ಟಾ. ಅಲ್ಲಿ ಟ್ರಕ್‌ಗೆ 25% ಸುಂಕ. 1960ರ ದಶಕದಲ್ಲಿ ಯೂರೋಪಿನವರು ಅಮೆರಿಕದ ಕೋಳಿಗೆ ಸುಂಕ ಏರಿಸಿದರು, ಅದಕ್ಕೆ ಸೇಡು ಅಂತ ಹಾಕಿದ್ದು. ಕೋಳಿ ಜಗಳ ಯಾವಾಗಲೋ ಮುಗಿಯಿತು, ಸುಂಕ ಹಾಗೇ ಉಳಿಯಿತು. ಪಿಕಪ್ ಒಳಗೆ ಹೋಗುವ ಅದೇ 400 ಡಾಲರಿನ ಹಾರ್ನೆಸ್ ನಾನ್ ಪ್ರಿವಿಲೆಜ್ಡ್‌ನಲ್ಲಿ ಬಂದಿದ್ದರೆ 100 ಡಾಲರ್ ಆಗುತ್ತದೆ. ಅಲ್ಲಿ ನಾವಾಗಿಯೇ ಪ್ರಿವಿಲೆಜ್ಡ್ ಕೇಳಿ 5ಕ್ಕೇ ಬೀಗ ಹಾಕಿಸಬೇಕು. ಭಾಗ ಲೈನ್‌ಗೆ ಹೋಗಿ ರೂಪ ಬದಲಾಗುವ ಮೊದಲೇ ಕೇಳಬೇಕು, ಒಮ್ಮೆ ಹಾಕಿಸಿದ ಮೇಲೆ ಬೇಡ ಅನ್ನುವ ಹಾಗಿಲ್ಲ. ಒಂದೇ ರ‍್ಯಾಕಿನ ಹಾರ್ನೆಸ್ ಕಾರಿಗೂ ಪಿಕಪ್‌ಗೂ ಹೋಗುತ್ತದೆ ಅಂತಾದರೆ ಈಗಲೇ ಸ್ಟಾಕಿನವರನ್ನು ಕೂರಿಸಿ ಮಾತಾಡಿ.

ರಫ್ತಿನ ಕಾಲಮ್ ಕೂಡ ಬೇಕು. ಹೊರದೇಶಕ್ಕೆ ಹೋಗುವ ಕಾರಿನ ವಿದೇಶಿ ಭಾಗಕ್ಕೆ ಸುಂಕವೇ ಇಲ್ಲ. ಕೆನಡಾ, ಮೆಕ್ಸಿಕೋ ಮಾತ್ರ ಬೇರೆ, ಅಲ್ಲಿಗೆ ಹೋದರೆ ಆ ದೇಶಗಳ ಜೊತೆಗಿನ ವ್ಯಾಪಾರ ಒಪ್ಪಂದದ ಪ್ರಕಾರ ಸುಂಕದ ಲೆಕ್ಕ ಉಂಟು. ಎರಡನ್ನೂ "ಎಕ್ಸ್‌ಪೋರ್ಟ್" ಅಂತ ಒಂದೇ ಸಾಲಲ್ಲಿ ಸೇರಿಸಬೇಡಿ.

ಎಕ್ಸೆಲ್_ಮಣಿಪಾಲ:
ರ‍್ಯಾಕ್ ಒಂದೇ ಅಂತೆ, ಈಗಷ್ಟೇ ಕೇಳಿದೆ. ಸ್ಟಾಕ್ ಟೀಮಿಗೆ ಮೇಲ್ ಹಾಕಿದ್ದೇನೆ. ಗ್ಯಾಸ್ಕೆಟ್ ಡ್ರಾಯಿಂಗ್ ನಾಳೆ ಬರುತ್ತದೆ, ಬಂದ ಮೇಲೆ ಕಾಪುವಿನವರಿಗೆ ಇನ್ನೊಂದು ಪ್ರಶ್ನೆ ಗ್ಯಾರಂಟಿ.